ಮೆಸೇಜ್ ಬಂತೇನ್ರಿ?

ಲ್ಯಾಮಿನೇಷನ್ ಯಂತ್ರದಿಂದ ಬಿಸಿಯಾಗಿ ಹೊರಬಂದ ಆಧಾರ್ ಕಾರ್ಡುಗಳನ್ನು ಪುಷ್ಪಲತಾ ಒಂದೊಂದಾಗಿ ಎತ್ತಿಕೊಂಡು, ಅಂಚು ಕತ್ತರಿಸಿ, ಚೂಪಾದ ನಾಲ್ಕು ಮೂಲೆಗಳನ್ನೂ ದುಂಡಗೆ ಮಾಡುತ್ತಿದ್ದಳು. ಹಾಗೆ ಮಾಡೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಮೂಲೆ ಚೂಪಾಗಿದ್ದರೆ ಜೇಬು ಹರಿಯುತ್ತದೆ, ಮುದುಕರ ಬೆರಳಿಗೆ ಚುಚ್ಚುತ್ತದೆ ಎಂಬುದನ್ನು ಅವಳೇ ನೋಡಿ ಕಂಡುಕೊಂಡಿದ್ದಳು. ಕೆಲಸ ಮಾಡುವಾಗ ಅವಳು ಮಾತಾಡುತ್ತಿರಲಿಲ್ಲ. ಕೆಲಸ ಇಲ್ಲದಾಗಲೂ ಅಷ್ಟೇ.

ಕೌಂಟರಿನ ಆಚೆ ಬೆಂಚಿನ ಮೇಲೆ ಕೂತವನೂ ಮಾತಾಡಲಿಲ್ಲ. ಹನ್ನೊಂದು ಕಾರ್ಡು, ನಲವತ್ತನಾಲ್ಕು ಮೂಲೆ. ಅಷ್ಟೂ ಮುಗಿಯುವ ತನಕ ಅವನು ಕತ್ತರಿಯ ಬಾಯನ್ನೇ ನೋಡುತ್ತ ಕೂತಿದ್ದ. ಕೊನೆಯ ಮೂಲೆ ಉದುರಿದ ಮೇಲೆ ಗಂಟಲು ಸರಿಮಾಡಿಕೊಂಡ.

"ಮೆಸೇಜ್ ಬಂತೇನ್ರಿ?"

"ಇಲ್ರಿ."

"ಹೌದಾ? ಹಂಗಾರ ನಾಳೆ ಬರ್ತೀನ್ರಿ."

ಮೆಸೇಜು ಬರಲಿಲ್ಲ ಎಂದರೆ ಯಾರಿಗಾದರೂ ಬೇಸರವಾಗಬೇಕು. ಇವನು ಮಾತ್ರ ನಕ್ಕೊಂಡು ಮೆಟ್ಟಿಲಿಳಿದ. ಪುಷ್ಪಲತಾ ತಲೆ ಎತ್ತಲಿಲ್ಲ. ಆದರೆ ಆರಿಸಿಟ್ಟ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆ ನಗುವನ್ನು ಪೂರ್ತಿಯಾಗಿ ನೋಡಿದಳು. ಎಡಗಡೆಯಿಂದ ಶುರುವಾಗಿ ಬಲಗಡೆಗೆ ಹಬ್ಬುವ ನಗು ಅದು.

ಒಳಗಿನ ಖುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದ ಸೋದರಮಾವ ಗಂಗಾಧರ್ ಅಲ್ಲಿಂದಲೇ ಕೇಳಿದ. "ಪುಷ್ಪೀ, ಆ ಹುಡುಗ ದಿನಾ ಯಾಕ ಬರ್ತಾನ?"

"ಮೆಸೇಜ್ ಕೇಳಾಕ."

"ಹ್ಞೂಂ," ಎಂದ ಮಾವ. "ನಮ್ಮ ಕಾಲದಾಗ ಮೆಸೇಜ್ ಇರಲಿಲ್ಲ. ಬೆಂಕಿಪೆಟ್ಟಿಗಿ ಕೇಳಾಕ ಬರ್ತಿದ್ವಿ." ಮತ್ತೆ ಗೊರಕೆ ಶುರುವಾಯಿತು.

ಕೊಟ್ಟೂರಿನ ಕಾಲೇಜು ರಸ್ತೆಯ ಆ ಜೆರಾಕ್ಸ್ ಅಂಗಡಿ ಮಾವನದು, ಆದರೆ ಅದನ್ನು ನಡೆಸುವವಳು ಪುಷ್ಪಲತಾ. ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವ ಹಾಸಿಗೆ ಹಿಡಿದಳು. ಒಂದು ವರ್ಷ ಮನೆಯಲ್ಲಿದ್ದು ನೋಡಿಕೊಂಡರಾಯಿತು ಎಂದುಕೊಂಡು ಬಿಟ್ಟ ಶಾಲೆಗೆ ಅವಳು ಮತ್ತೆ ಹೋಗಲಿಲ್ಲ. ಅವ್ವ ಎದ್ದು ಓಡಾಡುವಂತಾದಾಗ ಪುಷ್ಪಲತಾ ಅಂಗಡಿಯಲ್ಲಿ ಬೇರು ಬಿಟ್ಟಾಗಿತ್ತು. ಈಗ ಅವಳಿಗೆ ಇಪ್ಪತ್ತೊಂದು. ಸುತ್ತಲಿನ ಹಳ್ಳಿಗಳ ಯಾರ ಅರ್ಜಿಯಾದರೂ ಅವಳ ಬೆರಳ ತುದಿಯಿಂದಲೇ ಹೋಗಬೇಕು.

ಅರ್ಜಿಯಲ್ಲಿ ಮೊಬೈಲ್ ನಂಬರ್ ಎಂಬ ಜಾಗ ಬಂದಾಗ ಅರ್ಧ ಜನ ತಡವರಿಸುತ್ತಿದ್ದರು. ಒಬ್ಬರಿಗೆ ಕರೆನ್ಸಿ ಮುಗಿದಿರುತ್ತಿತ್ತು, ಇನ್ನೊಬ್ಬರ ಫೋನು ಮಗನ ಹತ್ತಿರ ಇರುತ್ತಿತ್ತು. "ನಿಂದೇ ಹಾಕವ್ವ" ಎನ್ನುತ್ತಿದ್ದರು. ಹಾಕಿ ಹಾಕಿ ಊರಿನ ಅರ್ಧ ಜನರ ಒಟಿಪಿ, ಹಾಲ್ ಟಿಕೆಟ್, ರೇಷನ್ ಕಾರ್ಡಿನ ಸುದ್ದಿ ಎಲ್ಲ ಅವಳ ಫೋನಿಗೇ ಬರುತ್ತಿತ್ತು. ಯಾರು ಪಾಸು, ಯಾರು ಫೇಲು ಎಂಬುದು ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಯಾರ ಸುದ್ದಿಯನ್ನೂ ಅವಳು ಇನ್ನೊಬ್ಬರಿಗೆ ಹೇಳಿದವಳಲ್ಲ.

ಮೂರು ವಾರದ ಹಿಂದೆ ಅವನು ಬಂದದ್ದೂ ಒಂದು ಅರ್ಜಿ ಹಿಡಿದುಕೊಂಡೇ.

ತಲೆ ತಗ್ಗಿಸಿ ಕೂರುವವಳಾದ್ದರಿಂದ ಅವಳಿಗೆ ಜನರ ಮುಖಕ್ಕಿಂತ ಮೊದಲು ಕೈ ಕಾಣುತ್ತಿತ್ತು. ಅವನ ಬೆರಳುಗಳ ಮೇಲೆ ಕಂದುಗಪ್ಪು ಕಲೆಗಳಿದ್ದವು. ಕೈ ತೊಳೆಯದ ಹುಡುಗ ಎಂದುಕೊಂಡಳು. ಅವಳು ನೋಡಿದ್ದನ್ನು ಅವನೂ ನೋಡಿಬಿಟ್ಟ.

"ಹೊಲಸಲ್ರಿ ಇದು. ಸಿಲ್ವರ್ ನೈಟ್ರೇಟ್. ಲ್ಯಾಬಿನಾಗ ಹತ್ತಿದ್ದು. ಚರ್ಮ ಕಳಚಿ ಹೊಸದು ಬರೋ ತನಕ ಹೋಗಂಗಿಲ್ಲ."

ಅವಳು ಕಿವಿ ತನಕ ಕೆಂಪಾಗಿ ಕೀಬೋರ್ಡ್ ಹತ್ತಿರ ಎಳೆದುಕೊಂಡಳು. "ಹೆಸರ್ರಿ?"

"ಸಿದ್ದಲಿಂಗ. ತಂದಿ ಹೆಸರು ಗುರುಸಂಗಪ್ಪ. ಊರು ಇಟ್ಟಿಗಿ."

ಇಲ್ಲಿ ಬಿ.ಎಸ್ಸಿ. ಎರಡು ವರ್ಷ ಮುಗಿಸಿದ್ದಾನೆ. ಮೂರನೆಯ ವರ್ಷಕ್ಕೆ ಬಳ್ಳಾರಿ ಯೂನಿವರ್ಸಿಟಿ ಬಿಟ್ಟು ಧಾರವಾಡದ ಯೂನಿವರ್ಸಿಟಿಗೆ ಬದಲಿಸಿಕೊಳ್ಳುತ್ತಾನೆ. ಅದಕ್ಕೆ ಅರ್ಜಿ.

"ಬದಲಿಸಾಕ ಕಾರಣ ಕೇಳೈತ್ರಿ. ಏನಂತ ಹಾಕ್ಲಿ?"

"ಅಲ್ಲಿ ಔಷಧಿ ಕಂಪನಿಯೋರು ಕಾಲೇಜಿಗೇ ಬಂದು ಹುಡುಗರನ್ನ ಆರಿಸ್ಕೊಂಡು ಹೋಗ್ತಾರಂತ್ರಿ. ದೊಡ್ಡ ಲ್ಯಾಬು. ಇಲ್ಲಿ ಮೇಷ್ಟ್ರು ಛಲೋ ಅದಾರ, ಆದ್ರ ಕಂಪನಿ ಬರಂಗಿಲ್ಲ. ನಮ್ಮ ಸೀನಿಯರ್ ಒಬ್ಬ ಓದು ಮುಗಿಸಿ ಎರಡು ವರ್ಷ ಆತು, ಇನ್ನೂ ಫಾರ್ಮ್ ತುಂಬಾಕತ್ಯಾನ." ಒಂದು ಕ್ಷಣ ಬಿಟ್ಟು ಹೇಳಿದ, "ನಿಮ್ಮ ಅಂಗಡಿಯಾಗೇ ತುಂಬ್ತಾನ."

ಅವಳು ಮಾರ್ಕ್ಸ್ ಕಾರ್ಡು ನೋಡಿದಳು, ಅವನು ಬರೆದುಕೊಂಡು ಬಂದ ಚೀಟಿ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಟೋಟಲ್ ತಪ್ಪೈತ್ರಿ. ಹದಿನಾಲ್ಕು ಮಾರ್ಕ್ಸ್ ಕಮ್ಮಿ ಕೂಡ್ಸೀರಿ."

"ಬಿಎಸ್ಸಿ ಓದೋನ್ರಿ ನಾನು!"

"ಹೌದ್ರಿ," ಎಂದಳು ಅವಳು ಬಲು ವಿನಯದಿಂದ.

ಅವನು ಬೆರಳು ಮಡಿಚಿ ಮಡಿಚಿ ಕೂಡಿಸಿದ. ಹದಿನಾಲ್ಕು ಕಮ್ಮಿಯೇ ಇತ್ತು. ಅವಳನ್ನು ಅವನು ಸರಿಯಾಗಿ ನೋಡಿದ್ದು ಆಗಲೇ.

"ಮೊಬೈಲ್ ನಂಬರ್ರಿ?"

ಅವನು ತಿರುಗುವ ಫ್ಯಾನನ್ನು ನೋಡಿದ, ರಸ್ತೆಯನ್ನು ನೋಡಿದ. "ನಮ್ಮೂರಾಗ ಸಿಗ್ನಲ್ಲೇ ಇಲ್ರಿ. ನಿಮ್ಮದೇ ಹಾಕಿಬಿಡ್ರಿ. ನಾ ದಿನಾ ಬಂದು ಕೇಳ್ಕೊಂಡು ಹೋಗ್ತೀನಿ."

ಹಾಗೆ ಶುರುವಾದದ್ದು. ಬೆಳಿಗ್ಗೆ ಹತ್ತೂವರೆಗೆ, ಹಡಗಲಿ ಕಡೆಯ ಬಸ್ಸು ಬಂದ ಸ್ವಲ್ಪ ಹೊತ್ತಿಗೆ, ಬೆಂಚಿನ ಮೇಲೆ ಅವನು. ಎಂಟು ದಿನಕ್ಕೆ ಅವಳಿಗೆ ಅವನ ಚಪ್ಪಲಿ ಸಪ್ಪಳ ಗುರುತಾಯಿತು. ಹತ್ತು ದಿನಕ್ಕೆ, ಹತ್ತೂ ಕಾಲಿಗೇ ಅವಳ ಕೈ ಹಣೆಯ ಕೂದಲು ಸರಿಮಾಡತೊಡಗಿತು. ಮೆಸೇಜು ಬಂದ ದಿನ ಈ ಸಪ್ಪಳ ನಿಲ್ಲುತ್ತದೆ ಎಂಬ ಲೆಕ್ಕ ಮಾತ್ರ ಅವಳು ಮಾಡದೇ ಬಿಟ್ಟಿದ್ದಳು. ಹದಿನಾಲ್ಕು ಮಾರ್ಕ್ಸಿನ ತಪ್ಪು ಹಿಡಿದವಳು!

ಸೋಮವಾರ ಬೆಂಚು ಖಾಲಿಯೇ ಉಳಿಯಿತು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು ಟಿಣ್ ಎಂದಿತು.

ಇಂಗ್ಲಿಷ್ ಮೆಸೇಜು. ಅವಳಿಗೆ ಓದಲು ಬರುತ್ತಿತ್ತು. ಸಿದ್ದಲಿಂಗನಿಗೆ ಸೀಟು ಸಿಕ್ಕಿತ್ತು. ಗುರುವಾರ ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲು.

ಅವಳು ಎರಡು ಸಲ ಓದಿ, ಫೋನನ್ನು ಬೋರಲು ಹಾಕಿದಳು. ಹತ್ತೂವರೆ ಆಯಿತು. ಹನ್ನೊಂದಾಯಿತು. ಅಂದೂ ಅವನು ಬರಲಿಲ್ಲ.

ಮೊದಲು ಉಸಿರು ಹಗುರಾಯಿತು. ಬಂದಿದ್ದರೆ ಹೇಳುತ್ತಿದ್ದೆ, ಅವನೇ ಬರಲಿಲ್ಲ, ನನ್ನದೇನು ತಪ್ಪು? ಬುಧವಾರವೂ ಅವನು ಬರಲಿಲ್ಲ. ಅವನ ಕ್ಲಾಸಿನ ಶೃತಿ ನೋಟ್ಸ್ ಜೆರಾಕ್ಸ್ ಮಾಡಿಸಲು ಬಂದಾಗ, ಪುಷ್ಪಲತಾ ಹಾಳೆ ಎಣಿಸುವ ನೆಪದಲ್ಲಿ ಕೇಳಿದಳು. "ಆ ಇಟ್ಟಿಗಿಯವರು ಕಾಲೇಜಿಗೆ ಬರಾಕತ್ತಿಲ್ಲೇನ್ರಿ?"

"ಸಿದ್ದಲಿಂಗನಾ? ಸೋಮವಾರದಿಂದ ಪತ್ತೆ ಇಲ್ಲ. ಫೋನ್ ಮಾಡಿದ್ರ ಸ್ವಿಚ್ ಆಫ್." ಶೃತಿ ಕಣ್ಣು ಕಿರಿದು ಮಾಡಿದಳು. "ಯಾಕ, ನೀನ್ಯಾಕ ಕೇಳ್ತಿ?"

"ಏನಿಲ್ಲ. ಒಂದು ಹಾಳಿ ಉಳಿದಿತ್ತು, ಅವರದಿರಬೇಕು ಅಂತ."

ಅದೂ ಸುಳ್ಳೇ. ಮಂಗಳವಾರ ತನಗೇ ಹೇಳಿಕೊಂಡದ್ದನ್ನು ಸೇರಿಸಿದರೆ ಎರಡು ದಿನದಲ್ಲಿ ಎರಡನೆಯದು.

ಗುರುವಾರ ಮಧ್ಯಾಹ್ನ ಪಾಲಾಕ್ಷಪ್ಪಜ್ಜ ರೇಷನ್ ಕಾರ್ಡಿನ ಸುದ್ದಿ ಕೇಳಲು ಬಂದ. ಹೊಸ ಕಾರ್ಡು ಆಗಿದೆ ಎಂದು ಹೇಳಿ ಪ್ರಿಂಟ್ ತೆಗೆದುಕೊಟ್ಟಳು. ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡ. "ನಿನ್ನ ಫೋನ್‌ನಾಗ ಇದ್ರ ದೇವರ ಜಗಲಿ ಮ್ಯಾಲ ಇದ್ದಂಗವ್ವ. ಒಂದಕ್ಷರ ಆಚೀಚಿ ಆಗಂಗಿಲ್ಲ."

ಅವಳು ಗಡಿಯಾರ ನೋಡಿದಳು. ಎದ್ದು ಮಾವನ ಮುಂದೆ ಹೋಗಿ ನಿಂತಳು.

"ಮಾವಾ, ಇಟ್ಟಿಗಿಗೆ ಹೋಗಿ ಬರ್ತೀನಿ."

ಗಂಗಾಧರ್ ಒಂದು ಕಣ್ಣು ತೆರೆದ. ಕೊಟ್ಟೂರು ದಾಟಿ ಒಬ್ಬಳೇ ಎಲ್ಲಿಗೂ ಹೋಗದ ಹುಡುಗಿ. "ಏನು ಕೆಲಸ?"

"ಒಂದು ಮೆಸೇಜ್ ಮುಟ್ಟಿಸ್ಬೇಕು."

ಮಾವ ಇನ್ನೊಂದು ಕಣ್ಣನ್ನೂ ತೆರೆದ. ಅವಳನ್ನು ನೋಡಿದ, ಖಾಲಿ ಬೆಂಚನ್ನು ನೋಡಿದ. "ಹೋಗಿ ಬಾ. ಅಂಗಡಿ ನಾ ನೋಡ್ಕೊಂತೀನಿ." ಅವಳು ಮೆಟ್ಟಿಲಿಳಿಯುವಾಗ ಕೂಗಿದ, "ಲೇ ಪುಷ್ಪೀ, ಕಂಪ್ಯೂಟರ್ ಪಾಸ್‌ವರ್ಡ್ ಏನದು?"

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು, ನಡುನಡುವೆ ಮಲ್ಲಿಗೆ ಗಿಡಗಳ ಸಾಲು. ಏನು ಹೇಳಬೇಕು ಎಂದು ಅವಳು ಮನಸ್ಸಿನಲ್ಲೇ ಟೈಪು ಮಾಡಿದಳು, ಅಳಿಸಿದಳು, ಮತ್ತೆ ಟೈಪು ಮಾಡಿದಳು. 'ನಿಮ್ಮ ಸೀಟು ಬಂದೈತ್ರಿ. ನಾ ಬರ್ತೀನ್ರಿ.' ಅಷ್ಟೇ. ಹೇಳಿ ಅದೇ ಬಸ್ಸಿಗೆ ವಾಪಸ್ಸು.

ಇಟ್ಟಿಗಿಯ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತವರನ್ನು ಕೇಳಿದಳು. "ಗುರುಸಂಗಪ್ಪನವರ ಮನಿ ಎಲ್ಲಿ ಬರ್ತೈತ್ರಿ?"

"ಯಾವ ಗುರುಸಂಗಪ್ಪ? ಮ್ಯಾಲಿನ ಓಣಿಯವನಾ, ಕೆಳಗಿನ ಓಣಿಯವನಾ?"

ಅವಳಿಗೆ ಗೊತ್ತಿರಲಿಲ್ಲ. ಸಿದ್ದಲಿಂಗನ ಹುಟ್ಟಿದ ತಾರೀಖು ಗೊತ್ತು, ಬ್ಲಡ್ ಗ್ರೂಪ್ ಗೊತ್ತು, ಬಲಗೈ ಮೊಣಕೈ ಹತ್ತಿರ ಮಚ್ಚೆ ಇರುವುದೂ ಅರ್ಜಿಯಲ್ಲಿತ್ತು. ಓಣಿ ಮಾತ್ರ ಗೊತ್ತಿರಲಿಲ್ಲ.

"ಅವರ ಮಗ ಬಿಎಸ್ಸಿ ಓದ್ತಾರಲ್ರಿ..."

"ಓ, ಗಿರಣಿ ಗುರುಸಂಗಪ್ಪ ಅನ್ನು ಮತ್ತ! ಸಪ್ಪಳ ಬರೋ ಕಡಿಗೆ ಹೋಗವ್ವ."

ಹಿಟ್ಟಿನ ಗಿರಣಿಯ ಗುಂಯ್ ಶಬ್ದ ಓಣಿಯ ತುದಿಯಿಂದಲೇ ಎದೆಗೆ ತಾಗುತ್ತಿತ್ತು. ಬಾಗಿಲಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ಐದಾರು ಹೆಂಗಸರು ಪಾಳಿಗೆ ಕೂತಿದ್ದರು. ಒಳಗೆ, ಹಿಟ್ಟಿನ ಮಂಜಿನಲ್ಲಿ, ಒಬ್ಬ ಬಿಳಿ ಮನುಷ್ಯ ನಿಂತಿದ್ದ. ಕೂದಲು ಬಿಳಿ, ಹುಬ್ಬು ಬಿಳಿ, ಕಣ್ಣ ರೆಪ್ಪೆಯ ಮೇಲೂ ಸಣ್ಣ ಹಿಟ್ಟು. ಸಿದ್ದಲಿಂಗ ಇದ್ದಕ್ಕಿದ್ದಂತೆ ಐವತ್ತು ವರ್ಷ ದಾಟಿ ಬಂದಂತಿದ್ದ. ಮುದುಕನಾದರೂ ಚೆನ್ನಾಗಿಯೇ ಕಾಣುತ್ತಾನೆ ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವನು ಅವಳನ್ನು ಕಂಡ. ಕೈಯಲ್ಲಿದ್ದ ಹಿಟ್ಟಿನ ಡಬ್ಬಿ ಓರೆಯಾಗಿ ಯಾರದೋ ಹಿಟ್ಟು ಕಾಲ ಮೇಲೆ ಸುರಿಯಿತು.

"ನಿಮ್ಮ ಸೀಟು ಬಂದೈತ್ರಿ," ಎಂದಳು.

ಅವನು ಕಿವಿಯ ಹತ್ತಿರ ಕೈ ಹಿಡಿದ. "ಏನ್ರೀ?"

"ಸೀಟು! ಧಾರವಾಡದ್ದು!"

"ಕೇಳ್ಸವಲ್ದ್ರೀ! ಜೋರು ಹೇಳ್ರಿ!"

ಹುಟ್ಟಿದಾಗಿನಿಂದ ಅವಳು ಜೋರಾಗಿ ಮಾತಾಡಿದವಳಲ್ಲ. ಆದರೆ ಆ ಗದ್ದಲ ಒಂದು ಪರದೆಯಂತೆ ಅವಳ ಸುತ್ತ ಇಳಿಬಿದ್ದಿತ್ತು. ಪಕ್ಕದವಳ ಮಾತು ಪಕ್ಕದವಳಿಗೇ ಕೇಳದ ಜಾಗದಲ್ಲಿ ಏನು ಹೇಳಿದರೂ ಹೇಳಿದಂತಲ್ಲ. ಮೂರು ದಿನದಿಂದ ಒಳಗೆ ಕಟ್ಟಿಕೊಂಡದ್ದು ತಾನೇ ಬಿಚ್ಚಿಕೊಂಡಿತು.

"ಮಂಗಳವಾರನೇ ಬಂದಿತ್ತು!" ಎಂದು ಅವಳು ಕೂಗಿದಳು. "ನಾನೇ ಮುಚ್ಚಿಟ್ಟಿದ್ದೆ! ನೀವು ಹೋಗೋದು ನಂಗ ಬ್ಯಾಡಾಗಿತ್ತು! ಇವತ್ತು ಐದಕ್ಕ ಟೈಮ್ ಮುಗೀತೈತಿ! ನೀವು ಅಂಗಡಿಗೆ ಬರದಿದ್ರ..."

ಕರೆಂಟು ಹೋಯಿತು.

ಗಿರಣಿಯ ಬೆಲ್ಟು ಉಸ್ಸೆಂದು ನಿಂತಿತು.

"...ನಂಗ ದಿನಾನ ಸರಿಯಂಗಿಲ್ಲ!"

ಆ ಮಾತು ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿ ನಡುವೆ ಬಿತ್ತು. ಐದಾರು ಹೆಂಗಸರು ಬುಟ್ಟಿಯ ಮೇಲಿನ ಕೈ ತೆಗೆಯದೆ ಅವಳನ್ನೇ ನೋಡಿದರು. ಓಣಿಯಲ್ಲಿ ಒಂದು ಕೋಳಿ ಮಾತ್ರ ತನ್ನ ಕೆಲಸ ಮುಂದುವರಿಸಿತು.

ಅವರಲ್ಲಿ ಹಿರಿಯಳಾದ ಒಬ್ಬಳು ಎಲೆಯಡಿಕೆ ದವಡೆಗೆ ಸರಿಸಿದಳು. "ಯಾಕವ್ವ ನಿಲ್ಲಿಸಿದಿ? ಕರೆಂಟ್ ಹೋದ್ರ ಗಿರಣಿ ನಿಂದ್ರಬೇಕು. ಮಾತ್ಯಾಕ ನಿಂದ್ರಬೇಕು?"

ನಗು ಸಿಡಿಯಿತು. ಪುಷ್ಪಲತಾ ಓಡಿಹೋಗುತ್ತಿದ್ದಳೇನೋ, ಆದರೆ ಹಿಂದಿನಿಂದ ಬಂದ ಒಂದು ಕೈ ಅವಳ ರಟ್ಟೆ ಹಿಡಿಯಿತು. ಸಿದ್ದಲಿಂಗನ ತಾಯಿ ಶಿವಬಸಮ್ಮ.

"ಮೊದಲ ನೀರು ಕುಡಿ ಬಾರವ್ವ. ಒದರಿ ಒದರಿ ಗಂಟಲು ಒಣಗಿರಬೇಕು." ಮಗನ ಕಡೆ ತಿರುಗಿದಳು. "ಏನೋ ಸಿದ್ದಾ, ಮೆಸೇಜ್ ಬಂದಿಲ್ಲ, ಮೆಸೇಜ್ ಬಂದಿಲ್ಲ ಅಂತ ನಾಲ್ಕು ದಿನದಿಂದ ಹಿಟ್ಟಿನಾಗ ಮುಖ ಮುಚ್ಕೊಂಡು ನಿಂತಿದ್ದೆಲ್ಲ. ನೋಡು, ಮೆಸೇಜ್ ಬಸ್ ಹತ್ತಿ ಬಂದೈತಿ."

ಗಿರಣಿಗೆ ಅಂಟಿಕೊಂಡೇ ಅವರ ಮನೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಶಿವಬಸಮ್ಮ ಮಂಡಕ್ಕಿ ಒಗ್ಗರಣೆ ಹಾಕುತ್ತೇನೆಂದು ಒಳಗೆ ಹೋದಳು. ಸಿದ್ದಲಿಂಗ ಮುಖ ತೊಳೆದು ಬಂದ. ತೊಳೆದದ್ದು ಮುಖವನ್ನಷ್ಟೇ; ಕಿವಿಗಳು ಇನ್ನೂ ಬಿಳಿಯಾಗಿಯೇ ಇದ್ದವು. ಚಾಪೆಯ ಆ ತುದಿಯಲ್ಲಿ ಕೂತ.

ಇಬ್ಬರೂ ನೆಲ ನೋಡಿದರು.

"ಮೂರೂವರೆ ಆತ್ರಿ," ಎಂದಳು ಅವಳು ಕೊನೆಗೆ. "ಫೋನ್ ತೆಗೀರಿ."

ಅವನು ಫೋನು ಆನ್ ಮಾಡಿದ. ಕೂಡಲೇ ಅದು ಟಿಣ್ ಟಿಣ್ ಟಿಣ್ ಎಂದು ಬಡಬಡಿಸತೊಡಗಿತು. ಪುಷ್ಪಲತಾ ತನ್ನ ಫೋನನ್ನು ನೋಡಿಕೊಂಡಳು. ಮೇಲಿನ ಮೂಲೆಯನ್ನು ಇನ್ನೊಮ್ಮೆ ನೋಡಿದಳು.

"ನಾಲ್ಕೂ ಕಡ್ಡಿ ಅದಾವಲ್ರಿ."

"ಏನು?"

"ಸಿಗ್ನಲ್. ಕೊಟ್ಟೂರಾಗೂ ಇಷ್ಟು ಬರಂಗಿಲ್ಲ."

ಅವನ ಬಿಳಿ ಕಿವಿಗಳು ಒಳಗಿನಿಂದ ಗುಲಾಬಿಯಾದವು. "ಅದು... ಟವರ್ ಈಗಿತ್ಲಾಗ ಹಾಕ್ಯಾರ್ರಿ."

ಒಗ್ಗರಣೆಯ ಚಟಪಟದ ನಡುವಿಂದ ಶಿವಬಸಮ್ಮನ ದನಿ ಬಂತು. "ಟವರ್ ಹಾಕಿ ಆರು ವರ್ಷ ಆತು. ನಮ್ಮ ಹಿತ್ತಲ ಮಗ್ಗಲದಾಗೇ ಐತಿ, ಬೇಕಂದ್ರ ನೋಡಿ ಬಾರವ್ವ."

ಪುಷ್ಪಲತಾ ಸೆರಗಿನ ತುದಿಯಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ನಗು ಕಣ್ಣಿನಿಂದ ಸೋರಿತು.

"ಮತ್ಯಾಕ ನನ್ನ ನಂಬರ್ ಹಾಕ್ಸಿದ್ರಿ?"

"ನಂದು ಹಾಕಿದ್ರ ಮೆಸೇಜ್ ನಂಗ ಬರ್ತಿತ್ತು. ಆಮ್ಯಾಲ ಏನಂತ ನಿಮ್ಮ ಅಂಗಡಿಗೆ ಬರ್ಲಿ? ಜೆರಾಕ್ಸ್ ಮಾಡ್ಸಾಕ ನನ್ನ ಹತ್ರ ಇರೋದು ಅದೊಂದೇ ಮಾರ್ಕ್ಸ್ ಕಾರ್ಡು."

"ಅದನ್ನೂ ಒಂಬತ್ತು ಸಲ ಮಾಡ್ಸೀರಿ."

"ಎಣಿಸೀರಾ?"

ಅವಳು ಫೋನಿನ ಪರದೆ ಒರೆಸಿದಳು, ಹಿಟ್ಟಿರಲಿಲ್ಲವಾದರೂ.

"ಸೋಮವಾರದಿಂದ ಯಾಕ ಬರಲಿಲ್ಲ?"

ಅವನು ಚಾಪೆಯ ಒಂದು ಎಳೆ ಕಿತ್ತ. ಈ ಸಲ ನಗಲಿಲ್ಲ. "ಈ ವಾರ ಲಿಸ್ಟ್ ಬರ್ತೈತಿ, ಗುರುವಾರ ಕಡೀ ದಿನ ಅಂತ ಕ್ಲಾಸಿನಾಗ ಗೊತ್ತಾತು. ಬಂದು ಕೇಳಿದ್ರ 'ಬಂತ್ರಿ' ಅಂತ ನೀವು ಹೇಳಿಬಿಡ್ತೀರಿ. ಹೇಳಿದ್ರ ನಾ ಹೋಗ್ಬೇಕು. ಕೇಳದಿದ್ರ ಗುರುವಾರ ತಾನೇ ದಾಟಿ ಹೋಗ್ತೈತಿ ಅಂತ ಫೋನ್ ಆರಿಸಿಬಿಟ್ಟೆ." ತುಸು ತಡೆದು ಹೇಳಿದ, "ಹೋಗದಿದ್ರೂ ನಡೀತೈತ್ರಿ. ಇಲ್ಲೇ ಡಿಗ್ರಿ ಮುಗಿಸ್ತೀನಿ. ಗಿರಣಿ ಐತಿ. ದಿನಾ ಕೊಟ್ಟೂರಿಗೆ ಬರ್ತೀನಿ. ನೀವೂ ಈಗ ಹೇಳಿದ್ರೆಲ್ಲ, ಹೋಗೋದು ಬ್ಯಾಡ ಅಂತ."

ಮೂರು ದಿನ ಅವಳು ಕೇಳಬಯಸಿದ್ದ ಮಾತು ಅದೇ. ಈಗ ಎದುರಿಗೆ, ಚಾಪೆಯ ಮೇಲೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಬರೀ ಒಂದೂವರೆ ಗಂಟೆ ಸುಮ್ಮನೆ ಕೂತರೆ ಸಾಕಿತ್ತು. ಸುಮ್ಮನೆ ಕೂರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ಬ್ಯಾಡ ಅನ್ನಿಸಿದ್ದು ಖರೆ," ಎಂದಳು. ದನಿ ಸಣ್ಣದಿತ್ತು, ನಡುಗಲಿಲ್ಲ. "ಆದ್ರ ನನ್ನ ಸಲುವಾಗಿ ನೀವು ಉಳಕೊಂಡ್ರ, ನಾಳೆ ಎಲ್ಲೂ ಕೆಲಸ ಸಿಗದಾಗ ನನ್ನ ಅಂಗಡಿಗೇ ಬಂದು ಫಾರ್ಮ್ ತುಂಬ್ತೀರಿ. ನಾನೇ ಟೈಪ್ ಮಾಡ್ಬೇಕು. ಒಂದೊಂದು ಫಾರ್ಮ್ ತುಂಬುವಾಗಲೂ ಆ ಸೀಟು ನಿಮ್ಗ ನೆನಪಾಗ್ತೈತಿ. ಬೈಯಂಗಿಲ್ಲ ನೀವು. ಸುಮ್ಕ ನನ್ನ ಮುಖ ನೋಡ್ತೀರಿ. ನಂಗ ಅದು ಬ್ಯಾಡ."

ಅವನು ಕಿತ್ತ ಎಳೆಯನ್ನು ಮತ್ತೆ ಚಾಪೆಗೆ ಸಿಕ್ಕಿಸಿದ.

"ನಾ ಹ್ವಾದ್ರ ನೀವು?"

"ನಾ ಎಲ್ಲಿ ಹೋಗ್ತೀನ್ರಿ? ಕೌಂಟರ್ ಹಿಂದ ಇರ್ತೀನಿ."

"ಅಲ್ರಿ. ನಾ ಕೇಳಿದ್ದು ಅದಲ್ಲ."

ಅವನು ಏನು ಕೇಳಿದನೆಂದು ಅವಳಿಗೆ ಗೊತ್ತಿತ್ತು. ಬೆರಳಿನಿಂದ ಚಾಪೆಯ ಮೇಲೆ ಏನೋ ಬರೆದಳು, ಅಳಿಸಿದಳು. "ನಾ ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ. ನೀವು ಧಾರವಾಡದಾಗ ದೊಡ್ಡ ದೊಡ್ಡ ಓದಿದ ಹುಡುಗ್ಯಾರನ್ನ ನೋಡ್ತೀರಿ."

"ನೋಡ್ತೀನಿ," ಎಂದ ಅವನು ಗಂಭೀರವಾಗಿ. "ಎಲ್ಲಾರಿಗೂ ನನ್ನ ಮಾರ್ಕ್ಸ್ ಕೊಟ್ಟು ಕೂಡ್ಸಾಕ ಹೇಳ್ತೀನಿ. ಹದಿನಾಲ್ಕರ ತಪ್ಪು ಯಾರು ಹಿಡೀತಾರ ನೋಡೋಣು."

ಅವಳು ತಲೆ ಎತ್ತಿದಳು. ಕಪ್ಪು ಪರದೆಯಲ್ಲಿ ಅಲ್ಲ, ನೇರವಾಗಿ, ಮೊದಲ ಸಲ ಆ ನಗುವನ್ನು ನೋಡಿದಳು. ಎಡಗಡೆಯಿಂದ ಶುರುವಾಗಿ ಬಲಗಡೆಗೆ ಹಬ್ಬಿತು. ಬಲಗಡೆ ಸಣ್ಣದೊಂದು ಕುಳಿಯೂ ಬೀಳುತ್ತಿತ್ತು. ಪರದೆ ಅದನ್ನು ಇಷ್ಟು ದಿನ ತೋರಿಸಿರಲಿಲ್ಲ.

"ಒಟಿಪಿ ಕಳ್ಸೀನಿ," ಎಂದ ಅವನು ಫೋನು ಒತ್ತಿ. "ಬಂತೇನ್ರಿ?"

"ಬಂತ್ರಿ."

"ಹೇಳ್ರಿ."

ಆರು ಅಂಕಿ. ಇಂಥ ಆರು ಅಂಕಿಗಳನ್ನು ಅವಳು ದಿನಕ್ಕೆ ಐವತ್ತು ಸಲ ಓದುತ್ತಿದ್ದಳು. ಈಗ ನಾಲಿಗೆ ಏಳಲಿಲ್ಲ.

"ನಾಲ್ಕು," ಎಂದಳು.

"ನಾಲ್ಕು."

"ಏಳು."

"ಏಳು. ಧಾರವಾಡದಿಂದ ದಿನಾ ಸಂಜಿಗೆ ಫೋನ್ ಮಾಡ್ತೀನಿ. ಎತ್ತಬೇಕು."

"ಅಂಗಡಿಯಾಗ ಗದ್ದಲ ಇರ್ತೈತ್ರಿ. ಒಂಬತ್ತು."

"ಇವತ್ತಿನ ಗದ್ದಲಕ್ಕಿಂತ ಹೆಚ್ಚಿರಂಗಿಲ್ಲ ಬಿಡ್ರಿ."

"ಸುಮ್ಕಿರ್ರಿ! ಎಷ್ಟು ಹೇಳಿದ್ದೆ?"

"ನಾಲ್ಕು ಏಳು ಒಂಬತ್ತು. ಅದು ಬಿಡ್ರಿ, ಎತ್ತತೀರೋ ಇಲ್ಲೋ?"

ಅವಳು ಹೇಳಲಿಲ್ಲ. ಅವನೂ ಟೈಪು ಮಾಡಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಸಮಯ ಮುಗಿದಿತ್ತು.

ಮಂಡಕ್ಕಿಯ ತಟ್ಟೆ ಹಿಡಿದು ಬಂದ ಶಿವಬಸಮ್ಮ ಇಬ್ಬರ ನಡುವೆ ಅದನ್ನಿಟ್ಟಳು. "ನಮ್ಮ ಮದುವಿ ಗೊತ್ತು ಮಾಡಾಕ ಹಿರ್ಯಾರು ಇಷ್ಟು ಹೊತ್ತು ತಗೊಂಡಿದ್ದಿಲ್ಲ. ಆರು ನಂಬರ್ ಹೇಳಾಕ ಎಷ್ಟು ಹೊತ್ರೋ?"

ಎರಡನೆಯ ಒಟಿಪಿಯನ್ನು ಪುಷ್ಪಲತಾ ಒಂದೇ ಉಸಿರಿಗೆ ಓದಿದಳು. ಕೊನೆಯ ಅಂಕಿಗೆ ಉಸಿರು ಮುಗಿಯಿತು. ಅವನ ಕಲೆಬಿದ್ದ ಹೆಬ್ಬೆರಳು ಒಪ್ಪಿಗೆಯ ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. ಅವನು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಒತ್ತಿದ.

ಹಸಿರು ಗುರುತು ಬಂತು. ಸೋಮವಾರ ಬೆಳಿಗ್ಗೆ ಹಾಜರಾಗಬೇಕು.

"ಎತ್ತತೀನಿ," ಎಂದಳು ಆಗ ಅವಳು, ಮಂಡಕ್ಕಿಯ ತಟ್ಟೆಗೆ. "ದಿನಾ."

ಶಿವಬಸಮ್ಮ ಮಗನ ತಲೆಯ ಮೇಲಿನ ಹಿಟ್ಟು ಕೊಡವಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಇವನು ಹೋದ್ರ ಹೋಗ್ಲಿ. ನೀ ಬರ್ತಾ ಇರವ್ವ. ನಮ್ಮ ಫೋನಿಗೆ ಏನೇನೋ ಬರ್ತಾವ, ಓದಿ ಹೇಳೋರಿಲ್ಲ."

ನಾಲ್ಕೂ ಮುಕ್ಕಾಲಿನ ಬಸ್ಸಿಗೆ ಅವನೂ ಅವಳ ಜೊತೆ ಹೊರಟ.

"ನೀವ್ಯಾಕ್ರಿ?"

"ಸೀಟಿನ ಲೆಟರ್ ಪ್ರಿಂಟ್ ತೆಗೀಬೇಕಲ್ರಿ."

"ಇಟ್ಟಿಗಿಯಾಗ ಪ್ರಿಂಟರ್ ಇಲ್ಲಾ?"

"ಇಲ್ರಿ." ಎದೆಯ ಮೇಲೆ ಕೈ ಇಟ್ಟುಕೊಂಡ. "ಇದು ಖರೇನ ಇಲ್ಲ."

ಹಡಗಲಿಯಿಂದ ಬಂದ ಬಸ್ಸು ಕಿಕ್ಕಿರಿದಿತ್ತು. ಹತ್ತಿ ಬಾಗಿಲ ಒಳಗೇ ನಿಂತರು. ಮೇಲಿನ ಸರಳು ಅವಳಿಗೆ ಎಟುಕಲಿಲ್ಲ. ಅವನು ತನ್ನ ತೋಳು ಅಡ್ಡ ಕೊಟ್ಟ. ಅವಳು ಆಚೀಚೆ ನೋಡಿ, ಎರಡು ಬೆರಳಿನಿಂದ ಅವನ ಅಂಗಿಯ ತೋಳನ್ನಷ್ಟೇ ಹಿಡಿದುಕೊಂಡಳು. ಬಿಸಿ ಹಿಟ್ಟಿನ ವಾಸನೆ ಬರುತ್ತಿತ್ತು. ಜೋಳದ್ದು.

"ಇನ್ನ ಈ 'ರೀ' ಬಿಡ್ರಿ," ಎಂದ ಅವನು ಅವಳಿಗಷ್ಟೇ ಕೇಳುವಂತೆ.

"ನೀವ್ ಮೊದಲ ಬಿಡ್ರಿ."

"ಪುಷ್ಪಾ."

ಅವಳು ಬಾಯಿ ತೆರೆದಳು. 'ಸಿ' ಎಂಬಷ್ಟು ಬಂತು. ಉಳಿದದ್ದು ನಗುವಿನಲ್ಲಿ ಮುಳುಗಿತು. ಅವನು ತಲೆ ಬಗ್ಗಿಸಿ, ಕಿವಿಯನ್ನು ಹತ್ತಿರ ತಂದು, ಉಳಿದ ಅಕ್ಷರಗಳಿಗಾಗಿ ಕಾದ. ಅವಳ ಕಣ್ಣು ಅವನ ಕಣ್ಣಿನಲ್ಲಿ, ಅವನ ಕಣ್ಣು ಅವಳ ತುಟಿಯಲ್ಲಿ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಕೆಳಗೆ ಗಂಟುಮೂಟೆ ಹಿಡಿದ ಜನ ಕಾಯುತ್ತಿದ್ದರು.

"ಬಾಗಿಲದಾಗ ನಿಂತೋರು ಸ್ವಲ್ಪ ಒಳಗ ಸರೀರಿ," ಎಂದ ಕಂಡಕ್ಟರ್.

ಯಾರೂ ಸರಿಯಲಿಲ್ಲ.

ಕಂಡಕ್ಟರ್ ಪೆನ್ನಿನಿಂದ ಸರಳಿನ ಮೇಲೆ ಟಕಟಕ ಬಡಿದು ಇನ್ನೊಮ್ಮೆ ಕೂಗಿದ.

"ಅಣ್ಣಾ, ಅಕ್ಕಾ, ನಿಮ್ಗೇ ಹೇಳಾಕತ್ತಿದ್ದು. ಒಂದೀಟು ಮುಂದಕ ಸರೀರಿ."